ಎಲೆ ಬಿಟ್ಟು ಎದ್ದವರನ್ನು ಮತ್ತೆ ಕೂರಿಸಿದೆ

ಬಾಡು ಸೇರುವುದಿಲ್ಲ ಎಂದು ಮನೆಮಂದಿಗೆಲ್ಲ ಸುಳ್ಳು ಹೇಳಿಕೊಂಡೇ ಹೋದ ನನ್ನ ಅವ್ವನಿಗೆ,

ಈ ಬೇಸಿಗೆ ರಜೆಯಲ್ಲಿ ನಾವೆಲ್ಲ ಎರಡು ದಿನ ಪ್ರವಾಸ ಹೋಗಿದ್ದೆವು. ನಾವೆಲ್ಲ ಅಂದರೆ ಅಪ್ಪನ ಕಡೆಯವರು ಪೂರ್ತಿ. ನಿನ್ನ ನಾದಿನಿ, ಅಂದರೆ ನಮ್ಮ ದೊಡ್ಡತ್ತೆ, ಅವಳ ಮಗ ನಾಗರಾಜ ಬಾವ, ಅವನ ಹೆಂಡತಿ, ಮಗ, ಸೊಸೆ ಶ್ವೇತಾ, ಇಬ್ಬರು ಮೊಮ್ಮಕ್ಕಳು, ಜೊತೆಗೆ ನಾನು, ನಿನ್ನ ಅಳಿಯ, ನನ್ನ ಮಗಳು. ಎಲ್ಲಿಗೆ ಹೋಗಿದ್ದೆವು ಎಂದು ಈಗಲೇ ಹೇಳಿಬಿಟ್ಟರೆ ನೀನು ಎದೆ ಹಿಡಿದುಕೊಂಡು ‘ಅಯ್ಯೋ ಯಾಕ್ ಮಾಡ್ದೆ ಅಂಗೆ’ ಎಂದು ಶುರುಮಾಡುತ್ತೀಯ. ಅದಕ್ಕೇ ಮೊದಲಿಂದ ಹೇಳುತ್ತೇನೆ, ಸುಮ್ಮನೆ ಕೇಳು. ಅಪ್ಪ ಪಕ್ಕದಲ್ಲಿದ್ದರೆ ಗಟ್ಟಿಯಾಗಿ ಓದು. ಅವನೂ ಕೇಳಿಸಿಕೊಳ್ಳಬೇಕು.

ನಿನ್ನ ಬೀಗರೂಟದ ದಿನ ನಾನು ಹುಟ್ಟಿರಲಿಲ್ಲ. ಆದರೆ ನಿನ್ನ ತಮ್ಮ ಸಿದ್ದ ಮಾವ ಆ ಕತೆಯನ್ನು ಎಷ್ಟು ಸಲ ಹೇಳಿದ್ದಾನೆ ಎಂದರೆ, ನಾನೇ ಅಲ್ಲಿ ಸಾರಿನ ಬಕೆಟ್ಟು ಹಿಡಿದು ನಿಂತಿದ್ದೆ ಅನಿಸುತ್ತದೆ. ಮದುವೆ ಮುಗಿದು, ಗಂಡಿನ ಕಡೆಯವರನ್ನು ತಾತ ಹೊಂಗೆಕೊಪ್ಪಲಿಗೆ ಕರೆದಿದ್ದರು. ಒಂದು ಟ್ರ್ಯಾಕ್ಟರ್ ಜನ ಬರುತ್ತೇವೆ ಎಂದು ಹೇಳಿ ಕಳಿಸಿದ್ದವರು ಎರಡು ಟ್ರ್ಯಾಕ್ಟರ್ ತುಂಬಿಕೊಂಡು ಬಂದರು. ಕರೆದವರು, ಕರೆಯದವರು, ಚನ್ನರಾಯಪಟ್ಟಣದ ಸಂತೆಯಲ್ಲಿ ಸಿಕ್ಕವರು, ಎಲ್ಲರೂ. ಮೊದಲ ಪಂಕ್ತಿಗಳಲ್ಲಿ ಕೂತವರು ಹೊಟ್ಟೆ ಬಿರಿಯ ತಿಂದು ಎದ್ದರು. ಕೊನೆಯ ಪಂಕ್ತಿಗೆ ಮದುಮಗ, ಮದುಮಗಳು, ದೊಡ್ಡತ್ತೆ, ಹತ್ತಿರದ ನೆಂಟರು ಕೂತಾಗ ಕೊಪ್ಪರಿಗೆಯ ತಳದಲ್ಲಿ ಸಾರು ಮಾತ್ರ ಉಳಿದಿತ್ತು. ತಾತ ಆಗಲೇ ಇನ್ನೊಂದು ಮರಿ ಕಡಿಯಲು ಜನ ಓಡಿಸಿದ್ದರಂತೆ. ಸ್ವಲ್ಪ ಹೊತ್ತು ಕಾಯುವ ವ್ಯವಧಾನ ಯಾರಿಗಿತ್ತು?

ದೊಡ್ಡತ್ತೆ ತನ್ನ ಎಲೆಯ ಮೇಲಿನ ಮುದ್ದೆಯನ್ನು ನೋಡಿದಳು, ಸಾರನ್ನು ನೋಡಿದಳು, ಎದ್ದು ನಿಂತಳು. ‘ಏನ್ ಗೌಡ್ರೆ, ಬಾಡೂಟ ಅಂತ ಕರುದ್ಬುಟ್ಟು ನೀರ್ ಉಯ್ತಾ ಇದ್ದೀರಲ್ಲ. ಏಳ್ರಪ್ಪ ಎಲ್ರೂ. ಈ ಮನೆ ಅನ್ನ ನಮ್ಗ್ ಬ್ಯಾಡ’ ಅಂದಳು. ಪಂಕ್ತಿಗೆ ಪಂಕ್ತಿಯೇ ಎದ್ದಿತು. ಅಪ್ಪನೂ ಎದ್ದ. ನಿನ್ನ ಪಕ್ಕದಲ್ಲಿ ಕೂತು, ಮೊದಲನೇ ತುತ್ತು ಮುರಿದಿದ್ದವನು, ಅಕ್ಕ ಎದ್ದಳು ಎಂದು ಎದ್ದ. ತಾತ ಒಬ್ಬೊಬ್ಬರ ಮುಂದೆಯೂ ಕೈಮುಗಿದುಕೊಂಡು ಹೋದರಂತೆ. ಬಡಿಸಿದ ಎಲೆಗಳನ್ನು ನಾಯಿಗಳು ಎಳೆದಾಡಿದವಂತೆ. ನೀನು, ಹೊಸ ಸೀರೆಯ ಸೆರಗು ಬಾಯಿಗಿಟ್ಟುಕೊಂಡು, ಅದೇ ಟ್ರ್ಯಾಕ್ಟರ್ ಹತ್ತಿ ಅದೇ ಜನರ ಜೊತೆ ಗಂಡನ ಮನೆಗೆ ಹೋದೆ. ಹೇಗೆ ಹತ್ತಿದೆ ಅವ್ವ? ಕಾಲು ಬಂತಾದರೂ ಹೇಗೆ ನಿನಗೆ?

ನಮ್ಮ ಮನೆಯಲ್ಲಿ ಬಾಡು ಬೇಯುತ್ತಿದ್ದ ಭಾನುವಾರಗಳು ನನಗೆ ಚೆನ್ನಾಗಿ ನೆನಪಿವೆ. ಮಸಾಲೆ ರುಬ್ಬುವವಳು ನೀನು, ಮುದ್ದೆ ತಿರುವುವವಳು ನೀನು, ಬಡಿಸುವವಳೂ ನೀನೇ. ಗಂಡ ಸತ್ತ ಮೇಲೆ ತವರಿಗೇ ಬಂದು ಕೂತು ಮನೆಯನ್ನು ಕೈಗೆ ತೆಗೆದುಕೊಂಡಿದ್ದ ದೊಡ್ಡತ್ತೆ ಗೋಡೆಗೆ ಒರಗಿಕೊಂಡು, ‘ನೋಡ್ಕಂಡ್ ಬಡ್ಸೆ ಜಯಾ, ತಳ ಮುಟ್ಟಿ ಸೌಟು ಆಡ್ಸು, ಇದು ನಿಮ್ಮಪ್ಪನ ಮನೆ ಅಲ್ಲ’ ಎನ್ನುತ್ತಿದ್ದಳು. ಬಂದ ನೆಂಟರೆಲ್ಲ ನಗುತ್ತಿದ್ದರು. ಅಪ್ಪ ಎಲೆ ನೋಡಿಕೊಂಡು ಉಣ್ಣುತ್ತಿದ್ದ. ನೀನು ಮಾತ್ರ ಕೊನೆಯಲ್ಲಿ ಒಲೆ ಮುಂದೆ ಕೂತು ಮಜ್ಜಿಗೆ ಕಲಸಿಕೊಳ್ಳುತ್ತಿದ್ದೆ. ಯಾಕೆ ಎಂದು ಯಾರಾದರೂ ಕೇಳಿದರೆ ‘ನಂಗ್ ಸೇರಲ್ಲ’ ಅನ್ನುತ್ತಿದ್ದೆ. ಊರಿನವರು ನಿನ್ನನ್ನು ದೇವರಂಥ ಹೆಂಗಸು, ಬಾಡು ಮುಟ್ಟಲ್ಲ ಎಂದು ಹೊಗಳುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಯಾಕೆಂದರೆ ನಾನು ನಿನ್ನನ್ನು ಹೊಂಗೆಕೊಪ್ಪಲಿನಲ್ಲಿ ನೋಡಿದ್ದೆನಲ್ಲ. ವರ್ಷಕ್ಕೊಂದು ಸಲವೋ ಎರಡು ಸಲವೋ ಬೆಳಿಗ್ಗೆ ಹೋಗಿ ಸಂಜೆಯೊಳಗೆ ಬರಬೇಕು ಎಂಬ ಷರತ್ತಿನ ಮೇಲೆ ನಿನ್ನನ್ನು ಕಳಿಸುತ್ತಿದ್ದರು. ಆ ದಿನ ಸಿದ್ದ ಮಾವ ಏನಾದರೂ ಮಾಡಿ ಬಾಡು ತರಿಸುತ್ತಿದ್ದ. ಅಡುಗೆಮನೆಯಲ್ಲಿ ಕಾಲು ಚಾಚಿ ಕೂತು, ತಲೆಗೂದಲು ಬಿಚ್ಚಿಹೋಗಿದ್ದರೂ ಲೆಕ್ಕಿಸದೆ, ನೀನು ಮೂಳೆ ಚೀಪುತ್ತಿದ್ದ ಸದ್ದು ನಡುಮನೆಗೆ ಕೇಳುತ್ತಿತ್ತು. ಮಾವ ‘ಇನ್ನೊಂದ್ ಆಕಿಸ್ಕಳಕ್ಕಾ’ ಎಂದರೆ ಬೇಡ ಎಂದು ಒಂದು ಸಲವೂ ಅಂದಿದ್ದು ನಾನು ಕಾಣೆ. ಬಸ್ಸಿನಲ್ಲಿ ವಾಪಸು ಬರುವಾಗ ನನ್ನ ಗಲ್ಲ ಹಿಡಿದು ‘ಅಲ್ಲಿ ಹೇಳ್ಬ್ಯಾಡ ಕಣೆ ಸರಸು’ ಅನ್ನುತ್ತಿದ್ದೆ. ನಾನು ಹೇಳಲಿಲ್ಲ. ನಿನಗೆ ಬಾಡು ಸೇರುವುದಿಲ್ಲ ಎಂಬುದಲ್ಲ, ಆ ಮನೆಯಲ್ಲಿ, ಅವರ ಕಣ್ಣೆದುರು ಮಾತ್ರ ಗಂಟಲಲ್ಲಿ ಇಳಿಯುತ್ತಿರಲಿಲ್ಲ ಎಂಬುದು ನನಗೆ ಆ ವಯಸ್ಸಿಗೇ ಗೊತ್ತಾಗಿಹೋಗಿತ್ತು.

ನನ್ನನ್ನು ನಾಗರಾಜ ಬಾವನಿಗೆ ತಂದುಕೊಳ್ಳುವ ಮಾತು ಒಂದು ಸಲ ಬಂದಿದ್ದು ನಿನಗೆ ನೆನಪಿದೆಯಾ? ‘ಬ್ಯಾಡಪ್ಪ, ತಾಯಿ ಥರ ಇವ್ಳ ಕೈಯೂ ಗಿಡ್ಡ ಇರ್ತದೆ’ ಎಂದು ದೊಡ್ಡತ್ತೆ ನನ್ನ ಎದುರಿಗೇ ಅಂದಳು. ನೀನು ಒಳಗೆ ಹೋಗಿ ಕಣ್ಣೀರು ಹಾಕಿದೆ. ನಾನು ಹಾಸನಕ್ಕೆ ಬಂದು ಪರೀಕ್ಷೆ ಬರೆದು, ಬಸ್ಸಿನಲ್ಲಿ ಕಂಡಕ್ಟರಾದೆ. ಆ ಬಾವನ ಗೊಬ್ಬರದಂಗಡಿಯಲ್ಲಿ ಗಲ್ಲಾ ಮುಂದೆ ಕೂರುವುದಕ್ಕಿಂತ ಗೊರೂರು ರೂಟಿನಲ್ಲಿ ನಿಂತುಕೊಂಡು ಓಡಾಡಿದ್ದೇ ನನಗೆ ಸುಖ.

ನೀನು ತೀರಿಹೋದ ವರ್ಷದ ಪಿತೃಪಕ್ಷದಲ್ಲಿ ನಡೆದದ್ದು ನಿನಗೆ ಗೊತ್ತೋ ಇಲ್ಲವೋ. ಹಿರಿಯರಿಗೆಲ್ಲ ಎಡೆ ಹಾಕಿದ್ದರು. ಅಪ್ಪನ ಎಡೆಗೆ ಬಾಡಿನ ಸಾರು, ಕೈಮಾ ಉಂಡೆ, ಬೇಯಿಸಿದ ಮೊಟ್ಟೆ, ಒಂದು ಕಟ್ಟು ಬೀಡಿ. ನಿನ್ನ ಎಡೆಗೆ ಪಾಯಸ, ಕಡಲೆಕಾಳು ಪಲ್ಯ. ‘ಅವ್ಳು ತಿಂತಿರ್ಲಿಲ್ಲವಲ್ಲ’ ಅಂದಳು ದೊಡ್ಡತ್ತೆ. ಅಷ್ಟರಲ್ಲಿ ಸಿದ್ದ ಮಾವ ಎರಡು ಬಸ್ಸು ಬದಲಾಯಿಸಿಕೊಂಡು, ಕ್ಯಾರಿಯರಿನಲ್ಲಿ ಬಾಡಿನ ಸಾರು ತುಂಬಿಕೊಂಡು ಬಂದು ಹೊಸಿಲ ಹೊರಗೆ ನಿಂತಿದ್ದ. ‘ಅಕ್ಕಂಗೆ ಇಷ್ಟ, ಒಂಚೂರು ಎಡೆಗಿಡ್ತೀನಿ’ ಅಂದ. ‘ಆ ಮನೆ ಸಾರು ಈ ಮನೆಯೊಳೀಕ್ ಬರಂಗಿಲ್ಲ’ ಎಂದು ದೊಡ್ಡತ್ತೆ ಕೂತಲ್ಲಿಂದಲೇ ಹೇಳಿದಳು. ಮಾವ ಕ್ಯಾರಿಯರ್ ಎತ್ತಿಕೊಂಡು ಹೊರಟ. ನಾನು ಬಸ್ ಸ್ಟ್ಯಾಂಡಿನವರೆಗೂ ಅವನ ಹಿಂದೆ ಹೋದೆ. ಸತ್ತ ಮೇಲೂ ನಿನಗೆ ಒಂದು ತುಂಡು ದಕ್ಕಲಿಲ್ಲ. ಈ ಹೆಂಗಸನ್ನು ಅವಳು ಎಲೆ ಬಿಟ್ಟು ಎದ್ದ ಅದೇ ಮನೆಯಲ್ಲಿ ಕೂರಿಸಿ ಉಣ್ಣಿಸದಿದ್ದರೆ ನಾನು ನಿನ್ನ ಮಗಳೇ ಅಲ್ಲ ಎಂದು ಅವತ್ತು ತೀರ್ಮಾನ ಮಾಡಿದೆ.

ಅವಕಾಶ ತಾನಾಗಿ ಬಂತು. ಶ್ವೇತಾ ಮನೆಯವರ ಫೋನ್ ಗುಂಪಿನಲ್ಲಿ ‘ಈ ರಜೆಗೆ ಎಲ್ಲರೂ ಸೇರಿ ಹಾಸನದ ಹತ್ತಿರ ಯಾವುದಾದರೂ ಚೆಂದದ ಹಳ್ಳಿಯಲ್ಲಿ ಎರಡು ದಿನ ಇರೋಣ’ ಎಂದು ಹಾಕಿದಳು. ಅಷ್ಟೇ, ಎಲ್ಲರ ಬೇಡಿಕೆ ಶುರುವಾಯಿತು. ಬಾವನಿಗೆ ಕಾರು ಬಾಗಿಲವರೆಗೂ ಬರಬೇಕು. ಶ್ವೇತಾಳಿಗೆ ಕುರ್ಚಿಯಂತೆ ಕೂರುವ ಕಕ್ಕಸು ಬೇಕು, ಅದೂ ತೊಳೆದಿರಬೇಕು. ಮಕ್ಕಳಿಗೆ ನೀರು ಬೇಕು. ನಿನ್ನ ಅಳಿಯನಿಗೆ ಕ್ರಿಕೆಟ್ ನೋಡಲು ಟಿವಿ. ದೊಡ್ಡತ್ತೆಯನ್ನು ಕೇಳಿದರೆ ‘ಹಳ್ಳಿ ಅಂದ್ರೆ ಹಳ್ಳಿ ಥರ ಇರ್ಬೇಕು. ಟೇಬಲ್ಲು ಗೀಬಲ್ಲು ಬ್ಯಾಡ. ಎಲೆ ಆಕಿ, ನೆಲದ ಮೇಲೆ ಪಂಕ್ತೀಲಿ ಕುಂತ್ಕಂಡು ಉಣ್ಬೇಕು’ ಅಂದಳು. ಕೊನೆಗೆ ಎಲ್ಲರೂ ‘ಸರಸುಗೆ ಬಿಡಿ, ಈ ಕಡೆ ಊರೆಲ್ಲ ಅವಳಿಗೇ ಗೊತ್ತು’ ಎಂದು ನನ್ನ ತಲೆಗೆ ಕಟ್ಟಿದರು. ಕಟ್ಟಿಕೊಂಡೆ.

ಮೊದಲು ದುದ್ದದ ಹತ್ತಿರ ಒಂದು ತೆಂಗಿನ ತೋಟದ ಮನೆ ಎಂದು ಬಾವ ಹೇಳಿದ. ನಿಜ ಹೇಳಬೇಕೆಂದರೆ ಆ ಜಾಗ ತುಂಬ ಚೆನ್ನಾಗಿದೆ, ಅವ್ವ. ನಾನು ‘ಪಕ್ಕದಲ್ಲೇ ಮೂವತ್ತು ಹಸುವಿನ ಕೊಟ್ಟಿಗೆ ಇದೆ, ನೊಣ’ ಎಂದೆ. ಸಾಲಗಾಮೆ ಕಡೆ ಎಂದರು. ‘ಅಷ್ಟು ಹತ್ತಿರಕ್ಕೆ ಹೋಗೋಕೆ ಬಟ್ಟೆ ಯಾಕೆ ತುಂಬ್ಕೋಬೇಕು, ಊಟ ಕಟ್ಟಿಕೊಂಡು ಹೋಗಿ ಸಂಜೆಗೆ ಬಂದುಬಿಡಿ’ ಎಂದೆ. ಹೊಳೆನರಸೀಪುರದಲ್ಲಿ ಹೊಳೆ ದಂಡೆಯ ಮನೆ ಎಂದರು, ಸೆಕೆ ಎಂದೆ. ಅರಕಲಗೂಡಿನ ಆಚೆ ಒಂದು ಎಂದರು, ದೊಡ್ಡತ್ತೆಯ ಸೊಂಟಕ್ಕೆ ಅಷ್ಟು ದೂರದ ರಸ್ತೆ ಆಗುತ್ತದಾ ಎಂದು ಕಾಳಜಿ ತೋರಿಸಿದೆ. ಬಾವನಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಎಲ್ಲ ಊರುಗಳನ್ನೂ ಹೀಗೆ ಬಸ್ಸಿನಿಂದ ಇಳಿಸಿದ ಮೇಲೆ ‘ಗೊರೂರು ಡ್ಯಾಮಿನ ನೀರು ಕಾಣುವ ಹಾಗೆ ಒಂದು ಮನೆ ಇದೆ’ ಎಂದು ಫೋಟೋ ಹಾಕಿದೆ. ಎಲ್ಲರೂ ಬಾಯಿಬಿಟ್ಟರು.

ಆ ಮನೆ ನಿನ್ನದೇ. ಸಿದ್ದ ಮಾವನ ಸೊಸೆ ಪವಿತ್ರ ಅದನ್ನು ಹೋಂಸ್ಟೇ ಮಾಡಿದ್ದಾಳೆ, ಗಟ್ಟಿಗಿತ್ತಿ. ಹಳೆಯ ನಡುಮನೆ, ಕಂಬ, ಹೆಂಚು ಉಳಿಸಿಕೊಂಡು ಹಿಂದುಗಡೆ ಹೊಸ ರೂಮು ಕಟ್ಟಿಸಿದ್ದಾಳೆ. ಈಗ ಊರಿಗೆ ದಾರಿಯೂ ಬೇರೆ. ಆಗ ಟ್ರ್ಯಾಕ್ಟರ್ ನಾಲೆ ಏರಿಯ ಮೇಲಿಂದ ಬರುತ್ತಿತ್ತಂತೆ, ಈಗ ಟಾರು ರಸ್ತೆ ಹಿತ್ತಿಲ ಕಡೆಯಿಂದ ಬರುತ್ತದೆ. ದೊಡ್ಡತ್ತೆಗೆ ಗುರುತು ಸಿಗುವ ಪ್ರಶ್ನೆಯೇ ಇಲ್ಲ. ಬಾವ ಆಗ ಚಿಕ್ಕ ಹುಡುಗ, ಅವನದು ತಿಂದದ್ದು ಬಿಟ್ಟರೆ ಬೇರೆ ಏನೂ ನೆನಪಿಟ್ಟುಕೊಳ್ಳುವ ತಲೆಯಲ್ಲ. ಊರ ಹೆಸರು ಕೇಳಿದವರಿಗೆಲ್ಲ ‘ಗೊರೂರ ಹತ್ರ’ ಎಂದು ಹೇಳಿ ಮುಗಿಸಿದೆ. ಮನೆಯ ಗುರುತಿದ್ದ ನಿನ್ನ ಅಳಿಯ, ನನ್ನ ಮಗಳು ಬಾಯಿಬಿಡದ ಹಾಗೆ ಮೊದಲೇ ನೋಡಿಕೊಂಡಿದ್ದೆ.

ಮಾವನನ್ನು ಒಪ್ಪಿಸುವುದೇ ಕಷ್ಟವಾಯಿತು. ಹಿತ್ತಿಲಲ್ಲಿ ಸೌದೆ ಒಟ್ಟುತ್ತಿದ್ದವನು ನನ್ನ ಮಾತು ಕೇಳಿ ಕೈಬಿಟ್ಟು ನಿಂತ. ‘ಬ್ಯಾಡ ಕಣವ್ವ. ಮನೆಗ್ ಬಂದೋರ್ನ ನೋಯ್ಸಿ ನಮ್ಗ್ ಏನಾಗ್ಬೇಕು? ಅಕ್ಕನೂ ಇಲ್ಲ, ಅಪ್ಪನೂ ಇಲ್ಲ’ ಅಂದ. ನನಗೆ ಸಿಟ್ಟು ನೆತ್ತಿಗೇರಿತು. ‘ನಿಮ್ಮಪ್ಪ ಅವತ್ತಿಂದ ಸಾಯೋವರೆಗೂ ಯಾರ ಮನೆ ಊಟಕ್ಕೂ ಹೋಗಲಿಲ್ಲ. ಪಂಕ್ತೀಲಿ ಕೂರೋಕೆ ಮುಖ ಇಲ್ಲ ಅನ್ನುತ್ತಿದ್ದರಂತೆ. ನೀನು ಮರೆತೆಯೇನೋ, ನಾನು ಮರೆತಿಲ್ಲ’ ಎಂದೆ. ಮಾವ ಕೈಬಿಟ್ಟಿದ್ದ ಸೌದೆಯನ್ನು ಎತ್ತಿ ಒಟ್ಟಿದ. ಆಮೇಲೆ ಮೆಲ್ಲಗೆ ಕೇಳಿದ: ‘ಎಷ್ಟ್ ಜನ ಬತ್ತಾರೆ? ಈ ಸಲನಾದ್ರೂ ಸರ್ಯಾಗ್ ಹೇಳವ್ವ.’ ಹನ್ನೆರಡು ಜನಕ್ಕೂ ಕಮ್ಮಿ ಎಂದೆ. ಅವನು ಎರಡು ಮರಿ ಕಡಿಸಿದ.

ಹೋದ ದಿನ ದೊಡ್ಡತ್ತೆ ಕಾರಿನಿಂದ ಇಳಿದು, ಕೋಲು ಊರಿಕೊಂಡು ಜಗಲಿಯ ಮೇಲೆ ಕೂತಳು. ದೂರಕ್ಕೆ ನೀರು ಹೊಳೆಯುತ್ತಿತ್ತು, ಗಾಳಿ ಬೀಸುತ್ತಿತ್ತು. ‘ಎಂಥ ಊರ್ ಹುಡ್ಕಿದ್ದೀಯೆ ಸರಸು. ಇಲ್ಲೇ ಇದ್ಬುಡನ ಅನ್ನಿಸ್ತದೆ’ ಅಂದಳು. ಇರು ಇರು ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಪವಿತ್ರ ನೀರು ಕೊಟ್ಟಳು, ಗಟಗಟ ಕುಡಿದಳು. ‘ಯಾವೂರ ಮಗಳವ್ವ ನೀನು’ ಎಂದು ಅವಳನ್ನು ಕೇಳಿದಳು. ಪವಿತ್ರ ‘ಅರಕಲಗೂಡು ಕಡೆಯೋಳು ಅಜ್ಜಿ’ ಅಂದಳು, ಅದು ಸುಳ್ಳೇನಲ್ಲ. ನಡುಮನೆಯಲ್ಲಿದ್ದ ನಿನ್ನ ಫೋಟೋವನ್ನು ನಾನು ಹಿಂದಿನ ದಿನವೇ ತೆಗೆದು ಅಕ್ಕಿ ಡ್ರಮ್ಮಿನ ಹಿಂದೆ ಇಟ್ಟಿದ್ದೆ. ನಿನ್ನ ಮನೆಯಲ್ಲಿ ನೀನೇ ಅವಿತುಕೊಳ್ಳಬೇಕಾಯಿತು. ಎರಡೇ ದಿನ ಅಲ್ಲವಾ, ತಡೆದುಕೊಂಡಿರುತ್ತೀಯ.

ಮಾರನೆ ದಿನ ಮಧ್ಯಾಹ್ನ ನಡುಮನೆಯಲ್ಲಿ ಎಲೆ ಹಾಕಿದೆವು. ಮಂಡಿನೋವು ಎಂದು ಬಾವ ಕುರ್ಚಿ ಕೇಳಿದ. ‘ನಿಮ್ಮವ್ವನೇ ನೆಲದ ಮೇಲೆ ಕೂರುತ್ತಾರೆ, ನಿನಗೇನು ಬಂತು’ ಎಂದೆ. ಇಬ್ಬರು ಹಿಡಿದು ದೊಡ್ಡತ್ತೆಯನ್ನು ಕೂರಿಸಿದೆವು. ಅವಳ ಪಕ್ಕದಲ್ಲಿ ಒಂದು ಎಲೆಯನ್ನು ಖಾಲಿ ಬಿಟ್ಟಿದ್ದೆ. ‘ಇದ್ಯಾರ್ದು?’ ಎಂದು ಕೇಳಿದಳು. ‘ಮನೆಯವರದ್ದು, ಬರ್ತಾರೆ’ ಎಂದೆ. ಪವಿತ್ರ ಮುದ್ದೆ ಇಟ್ಟಳು, ಸಾರು ಹಾಕಿದಳು. ಸಾರೆಲ್ಲಿ ಕಾಣಬೇಕು ಅವ್ವ, ಬರೀ ತುಂಡು. ಹಲ್ಲಿಲ್ಲದ ದೊಡ್ಡತ್ತೆಗೆಂದು ಕೈಮಾ ಉಂಡೆ ಬೇರೆ ಮಾಡಿಸಿದ್ದೆ. ಅವಳು ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿದಳು. ಆ ಗಂಟಲು ಮೇಲೆ ಹೋಗಿ ಕೆಳಗೆ ಬಂದದ್ದನ್ನು ನಾನು ಕಣ್ಣು ಮಿಟುಕಿಸದೆ ನೋಡಿದೆ. ‘ಬಲೇ ರುಚಿ. ಯಾರ್ ಮಾಡಿದ್ದು?’ ಎಂದು ಇನ್ನೊಂದು ಸೌಟು ಹಾಕಿಸಿಕೊಂಡಳು. ಉಣ್ಣಲಿ ಎಂದು ಕಾದೆ.

ಅರ್ಧ ಮುದ್ದೆ ಮುಗಿದ ಮೇಲೆ ನಾನು ಒಳಗೆ ಹೋಗಿ ನಿನ್ನ ಫೋಟೋ ತಂದೆ. ಖಾಲಿ ಎಲೆಯ ಹಿಂದೆ ಗೋಡೆಗೆ ಒರಗಿಸಿ ಇಟ್ಟೆ. ‘ದೊಡ್ಡತ್ತೆ, ತುಂಡು ಸಾಕಾಯ್ತಾ? ಇದು ಹೊಂಗೆಕೊಪ್ಪಲು. ಇದು ಜಯಮ್ಮನ ಅಪ್ಪನ ಮನೆ’ ಎಂದೆ. ಬಾವ ತುತ್ತು ಬಾಯಿಯಲ್ಲಿಟ್ಟುಕೊಂಡು ನೋಡುತ್ತಾ ಕೂತ. ಶ್ವೇತಾಳ ಮಗ ‘ಜಯಮ್ಮ ಯಾರು?’ ಎಂದು ಕೇಳಿದ. ನಾನೇ ಹೇಳಿದೆ. ಬೀಗರೂಟದಿಂದ ಹಿಡಿದು ಪಿತೃಪಕ್ಷದವರೆಗೆ, ಒಂದೂ ಬಿಡದೆ, ಮಕ್ಕಳಿಗೂ ಅರ್ಥವಾಗುವ ಹಾಗೆ ಹೇಳಿದೆ. ಬಸ್ಸಿನಲ್ಲಿ ಕೂಗಿ ಕೂಗಿ ಬಲಿತ ಗಂಟಲು ಅವತ್ತು ಕೆಲಸಕ್ಕೆ ಬಂತು.

ದೊಡ್ಡತ್ತೆ ಎಡಗೈ ನೆಲಕ್ಕೆ ಊರಿ ಏಳಲು ನೋಡಿದಳು. ಆಗಲಿಲ್ಲ. ಅವತ್ತು ಚಂಗನೆ ಎದ್ದ ಕಾಲುಗಳು ಈಗ ಮಡಚಿದರೆ ಬಿಡಿಸಲಾಗದ ಕಾಲುಗಳು. ನನ್ನ ಕಡೆ ಕೈ ಚಾಚಿ ‘ಎತ್ತೇ ನನ್ನ’ ಅಂದಳು. ಬಾವ ಎದ್ದ. ‘ಕೂತ್ಕೋ ಬಾವ’ ಎಂದೆ. ಯಾವ ಮುಖದಲ್ಲಿ ಹೇಳಿದೆನೋ ಏನೋ, ಕೂತ. ಕರುಳು ಚುರ್ ಅನ್ನಲಿಲ್ಲವಾ ಎಂದು ನೀನು ಕೇಳುತ್ತೀಯ. ಅಂದಿತು. ಆ ಕೈ ಒಣಗಿ ಕಡ್ಡಿಯಾಗಿತ್ತು, ಬೆರಳಲ್ಲಿ ಸಾರು ಹತ್ತಿತ್ತು. ಆದರೂ ಹಿಡಿಯಲಿಲ್ಲ. ‘ಉಂಡು ಏಳು ದೊಡ್ಡತ್ತೆ’ ಎಂದು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತೆ.

ಅಲ್ಲಿಯವರೆಗೂ ಅವರ ಕಣ್ಣಿಗೆ ಬೀಳದೆ ಅಡುಗೆಮನೆಯಲ್ಲೇ ಇದ್ದ ಸಿದ್ದ ಮಾವ ಬಾಗಿಲಿಗೆ ಬಂದ. ದೊಡ್ಡತ್ತೆ ಅವನನ್ನು ನೋಡಿದಳು. ‘ನಿಮ್ಮಪ್ಪ ಅವತ್ತು ನನ್ ಕಾಲ್ ಮುಟ್ಟಾಕ್ ಬಂದಿದ್ರು ಸಿದ್ದೇಗೌಡ. ನಾನು ಕಾಲ ಹಿಂದಕ್ ಎಳ್ಕಂಡೆ. ಯಾರೂ ನೋಡ್ಲಿಲ್ಲ ಅಂದ್ಕಂಡಿದ್ದೆ’ ಅಂದಳು. ‘ನಾನ್ ನೋಡ್ದೆ ಅಮ್ಮ’ ಅಂದ ಮಾವ. ಇದನ್ನು ಮಾತ್ರ ಅವನು ನನಗೆ ಯಾವತ್ತೂ ಹೇಳಿರಲಿಲ್ಲ. ನಿನಗಾದರೂ ಹೇಳಿದ್ದನಾ? ತಾತನ ವಯಸ್ಸೇನು, ಅವಳ ವಯಸ್ಸೇನು ಆಗ... ‘ಯಾಕೆ ಎದ್ದೆ ಮತ್ತೆ? ಎರಡನೇ ಟ್ರ್ಯಾಕ್ಟರ್ ಜನ ತಿಂದದ್ದು ಎಂದು ನಿನಗೆ ಗೊತ್ತಿರಲಿಲ್ಲವಾ?’ ಎಂದೆ. ‘ಗೊತ್ತಿತ್ತು. ನಾನೇ ಕರ್ಕಂಡ್ ಬಂದಿದ್ದು. ಮುಂಡೆ ಅಂತ ಮದ್ವೇಲಿ ನನ್ನ ಹಿಂದಕ್ ಕೂರ್ಸಿದ್ರಲ್ಲ, ನನ್ ಮಾತ್ಗೂ ಎಷ್ಟ್ ಜನ ಎದ್ದೇಳ್ತಾರೆ ಅಂತ ಎಲ್ರೂ ನೋಡ್ಲಿ ಅಂತ’ ಅಂದಳು. ಪಾಪ ಅನ್ನಬೇಕಾಗಿತ್ತೇನೋ. ಅವಳನ್ನು ಹಿಂದಕ್ಕೆ ಕೂರಿಸಿದವರು ಅವಳ ಮನೆಯವರು. ಉರಿದದ್ದು ನಮ್ಮ ಮನೆ. ನಾನು ಪಾಪ ಅನ್ನಲಿಲ್ಲ.

‘ಬಡಿಸು’ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಸಾರಿನ ಪಾತ್ರೆಯನ್ನೇ ತಂದು ಅವಳ ಮಗ್ಗುಲಿಗೆ ಇಟ್ಟೆ, ಸೌಟು ಕೈಗೆ ಕೊಟ್ಟೆ, ನಿನ್ನ ಎಲೆ ತೋರಿಸಿದೆ. ‘ಆಯುಸ್ಸಿಡೀ ಅವಳ ಕೈಲಿ ಬಡಿಸಿಕೊಂಡಿದ್ದೀಯ. ಈಗ ಅವಳಿಗೆ ನೀನು ಬಡಿಸು.’ ಅವಳು ಒಂದು ಸೌಟು ಸಾರು ಹಾಕಿದಳು. ‘ತುಂಡು’ ಎಂದೆ. ಪಾತ್ರೆಯೊಳಗೆ ಸೌಟು ಆಡಿಸಿ ಒಂದು ತುಂಡು ತೆಗೆದು ಹಾಕಿದಳು. ಇನ್ನೊಂದು ಎಂದೆ. ಹಾಕಿದಳು. ಇನ್ನೊಂದು ಎಂದೆ. ಸಾರು ಎಲೆ ದಾಟಿ ನೆಲದ ಮೇಲೆ ಹರಿಯಿತು, ಫೋಟೋದ ಬುಡಕ್ಕೆ ಬಂತು. ಶ್ವೇತಾ ಅಳುತ್ತಿದ್ದಳು. ಮಾವ ಬಂದು ನನ್ನ ರಟ್ಟೆ ಹಿಡಿದು ‘ಸಾಕ್ ಬುಡವ್ವ’ ಅಂದ. ನೀನು ಸಾಕು ಅಂದಿದ್ದರೆ ನಿಲ್ಲಿಸುತ್ತಿದ್ದೆ ಅವ್ವ. ನೀನು ಅನ್ನಲಿಲ್ಲ.

ಆಮೇಲೆ ಅವಳು ತನ್ನ ಎಲೆಯಲ್ಲಿದ್ದದ್ದನ್ನೂ ಉಂಡಳು. ನಾನು ಹೇಳಿದ್ದಕ್ಕಲ್ಲ, ತಾನೇ. ಅನ್ನ ಹಾಕಿಸಿಕೊಂಡಳು, ಮಜ್ಜಿಗೆ ಹಾಕಿಸಿಕೊಂಡಳು, ಎಲೆ ಬಳಿದಳು. ಎತ್ತಿ ನಿಲ್ಲಿಸಿದವನು ಸಿದ್ದ ಮಾವ. ‘ಉಂಡೆ ಕಣಪ್ಪ’ ಎಂದು ಅವನ ಭುಜ ಹಿಡಿದುಕೊಂಡು ಹೇಳಿದಳು. ಮಾವ ಮಗುವಿನಂತೆ ಅತ್ತುಬಿಟ್ಟ. ನನಗೆ ಅವನ ಮೇಲೂ ಸಿಟ್ಟು ಬಂತು. ಇಷ್ಟು ವರ್ಷಕ್ಕೆ ಒಂದೇ ಒಂದು ಮಾತು ಸಾಕಾ ಇವನಿಗೆ? ಸಾಕಂತೆ. ನನಗೆ ಸಾಲದು.

ಬಾವ ಮನೆ ತಲುಪಿದ ಮೇಲೆ ಗುಂಪಿನಲ್ಲಿ ‘ಮೋಸ ಮಾಡಿ ಕರೆದುಕೊಂಡು ಹೋಗುವವರ ಜೊತೆ ನಮಗೆ ಸಂಬಂಧವಿಲ್ಲ’ ಎಂದು ಬರೆದು ಹೊರಗೆ ಹೋದ. ಹೋಗಲಿ, ಜಾಗ ಆಯಿತು. ಶ್ವೇತಾ ಮಾತ್ರ ಪವಿತ್ರಳಿಗೆ ಫೋನ್ ಮಾಡಿ, ಮುಂದಿನ ರಜೆಗೂ ಆ ಮನೆಯನ್ನೇ ಕೊಡಿ ಎಂದು ಹೇಳಿದಳಂತೆ. ನಿನ್ನ ಅಳಿಯ ‘ಎಂಬತ್ತು ದಾಟಿದ ಮುದುಕಿ ಹತ್ರ ಏನೇ ನಿನ್ನ ಪ್ರತಾಪ’ ಎಂದು ಎರಡು ದಿನ ಮುಖ ಊದಿಸಿಕೊಂಡಿದ್ದ. ಆಗ ಅವಳಿಗೆ ಎಂಬತ್ತಾಗಿರಲಿಲ್ಲ, ನಮ್ಮ ಅವ್ವನಿಗೆ ಇಪ್ಪತ್ತೂ ಆಗಿರಲಿ‌ಲ್ಲ ಎಂದು ಅವನಿಗೆ ಹೇಳಿದೆ.

ಈಗ ನಿನಗೆ ಗೊತ್ತಿಲ್ಲದ ಸುದ್ದಿ. ಹೋದ ವಾರ ದೊಡ್ಡತ್ತೆಯೇ ಫೋನ್ ಮಾಡಿಸಿದ್ದಳು. ‘ಬರೋ ಪಿತೃಪಕ್ಷಕ್ಕೆ ಜಯನ್ ಎಡೆಗೆ ಸಾರು ಅವ್ರ ಮನೆಯಿಂದ್ಲೇ ಬರ್ಲಿ, ಸಿದ್ದೇಗೌಡಂಗ್ ಹೇಳು’ ಅಂದಳು. ಮಾವ ಈ ಸಲ ಬಸ್ಸು ಬದಲಾಯಿಸಿಕೊಂಡು ಬರುವುದಿಲ್ಲ ಎಂದೆ. ನಾಗರಾಜ ಬಾವ ತನ್ನ ಕಾರು ತೆಗೆದುಕೊಂಡು ಹೊಂಗೆಕೊಪ್ಪಲಿಗೆ ಹೋಗಬೇಕು, ಬಾಗಿಲಲ್ಲಿ ನಿಂತು ಕೇಳಬೇಕು, ಪಾತ್ರೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬರಬೇಕು. ‘ಕಳಿಸ್ತೀನಿ’ ಅಂದಳು. ಕಳಿಸದಿದ್ದರೆ ನಾನಿದ್ದೇನೆ, ನೀನು ಯೋಚನೆ ಮಾಡಬೇಡ. ಅವತ್ತು ಬಂದು ಕೂತುಕೋ ಅವ್ವ. ಒಲೆ ಮುಂದೆ ಅಲ್ಲ, ನಡುಮನೆಯಲ್ಲಿ, ದೊಡ್ಡತ್ತೆಯ ಎದುರಿಗೆ. ತಲೆ ತಗ್ಗಿಸಬೇಡ, ಮೂಳೆ ಕಚ್ಚಿ ಚೀಪು. ಅವಳಿಗೆ ಕಿವಿ ಸ್ವಲ್ಪ ಮಂದವಾಗಿದೆ, ಅದಕ್ಕೆ ಜೋರಾಗಿಯೇ ಚೀಪು.

ನಿನ್ನ,
ಸರಸು